ಒಳಗೆ ಹೋಗುವ ಹೊತ್ತು

"ಒಂದು ಗುಟುಕು ಕುಡೀರಿ," ಎಂದ ಬಾಗಿಲ ಕಾವಲಿನವನು.

"ಇಲ್ಲೇನಾ?" ಎಂದಳು ಬೆರಿಲ್.

"ಇಲ್ಲೇ, ನನ್ನೆದುರಿಗೇ. ಕುಡಿಯೋದು ಏನು ತಂದ್ರೂ ತಂದವರೇ ಮೊದಲು ಕುಡಿದು ತೋರಿಸ್ಬೇಕು. ಕೋರ್ಟಿನ ರೂಲ್ಸು."

"ಆಲೂಗಡ್ಡೆ ಸೂಪು ಕಣಪ್ಪ ಇದು. ಮೂವತ್ತೊಂದು ವರ್ಷ ಸ್ಕೂಲು ಮಕ್ಕಳಿಗೆ ಬಡಿಸಿದೀನಿ. ಒಬ್ಬರೂ ಸತ್ತಿಲ್ಲ."

ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿಕೊಂಡು ಸೊರ್ರನೆ ಕುಡಿದಳು. ಕಾವಲಿನವನು ಏನಾದರೂ ಆದೀತೇನೋ ಎಂಬಂತೆ ಅವಳ ಮುಖವನ್ನೇ ನೋಡುತ್ತ ನಿಂತ. ಏನೂ ಆಗಲಿಲ್ಲ. "ನಿಮಗೂ ಒಂದು ಮುಚ್ಚಳ ಹಾಕ್ಲಾ? ಬೆಳಗ್ಗೆ ತಿಂಡಿ ತಿಂದ ಮುಖ ಅಲ್ಲ ಇದು," ಎಂದಳು. ಹಿಂದೆ ಸಾಲಿನಲ್ಲಿದ್ದವರು ನಕ್ಕರು.

ಲಿಯೊನೆಲ್ ಪಾಕ್ಸನ್ ನಗಲಿಲ್ಲ. ತಪಾಸಣೆಯ ಚೌಕಟ್ಟಿನ ಆಚೆ, ಎಂಬತ್ತನಾಲ್ಕು ಪುಟದ ಕಡತವನ್ನು ಎದೆಗೆ ಅವುಚಿಕೊಂಡು ನಿಂತು ಒಂದೇ ವಿಷಯ ಯೋಚಿಸುತ್ತಿದ್ದ. ಅಕ್ಕನನ್ನು ಹೊರಗೇ ಕೂರಿಸುವುದು ಹೇಗೆ?

"ನಿನಗೋಸ್ಕರಾನೇ ಮಾಡಿದ್ದು," ಎಂದಳು ಬೆರಿಲ್, ಚೀಲ ಎತ್ತಿಕೊಂಡು ಪಕ್ಕಕ್ಕೆ ಬಂದು. "ಆವತ್ತು ಹೊಟ್ಟೆ ಕೆಟ್ಟು ಮಲಗಿದ್ದಾಗ ಎರಡು ಬಟ್ಟಲು ಕುಡಿದಿದ್ದೆಯಲ್ಲ."

"ಹೂಂ."

"ಅಮ್ಮ ಹೋದಮೇಲೆ ನೀನು ಇನ್ನೊಂದು ಸಲ ಬಡಿಸು ಅಂದಿದ್ದು ಅದೇ ಮೊದಲು ಕಣೋ. ನಿನ್ನ ಭಾವ ರಾಯ್‌ಗೂ ಹೇಳಿದೆ. ಲಿಯೊನೆಲ್ ಎರಡು ಬಟ್ಟಲು ಕುಡಿದ ಅಂತ."

"ಹೂಂ," ಎಂದ ಲಿಯೊನೆಲ್. ಆವತ್ತು ಅವನ ಹೊಟ್ಟೆ ಕೆಟ್ಟಿರಲಿಲ್ಲ.

*

ಕೇಸು ಇಷ್ಟೇ. ಕಳೆದ ಅಕ್ಟೋಬರಿನ ಒಂದು ಶನಿವಾರ, ಊರಾಚೆಯ 'ಹೆರನ್' ಪಬ್ಬಿನ ಕಾರು ನಿಲ್ಲಿಸುವ ಜಾಗಕ್ಕೆ ಲಿಯೊನೆಲ್‌ನ ನೀಲಿ ಕಾರು ಮಧ್ಯಾಹ್ನ ಹನ್ನೆರಡು ಐವತ್ತೆರಡಕ್ಕೆ ಬಂತು, ಮೂರು ಮೂವತ್ತೊಂದಕ್ಕೆ ಹೋಯಿತು. ಪಬ್ಬಿಗೆ ಬಂದವರು ಒಳಗೆ ಹೋಗಿ, ಕೌಂಟರಿನ ಮೇಲಿರುವ ಪುಟ್ಟ ಪರದೆಯಲ್ಲಿ ಕಾರಿನ ನಂಬರು ಒತ್ತಿದರೆ ಸಾಕು, ದುಡ್ಡಿಲ್ಲ. ಒತ್ತದಿದ್ದವರಿಗೆ ನೂರು ಪೌಂಡ್. ಅದು ದಂಡವಲ್ಲ, ಶುಲ್ಕ ಎನ್ನುತ್ತದೆ ಜಾಗ ಕಾಯುವ ಖಾಸಗಿ ಕಂಪನಿ. ಕಾಯುವುದೆಂದರೆ ಕಂಬದ ಮೇಲೆ ಎರಡು ಕ್ಯಾಮೆರಾ. ಒಂದು ಬರುವ ಕಾರಿನ ಮುಖ ಹಿಡಿಯುತ್ತದೆ, ಇನ್ನೊಂದು ಹೋಗುವ ಕಾರಿನ ಬೆನ್ನು.

ಕಾಗದ ಬಂದ ದಿನವೇ ಕಟ್ಟಿದ್ದರೆ ಕಡಿಮೆಯಲ್ಲೂ ಮುಗಿಯುತ್ತಿತ್ತು, ಗುಟ್ಟಾಗಿಯೂ ಮುಗಿಯುತ್ತಿತ್ತು. ಆದರೆ ಲಿಯೊನೆಲ್ ಓದಿದವನು. ಕಂಪನಿಯ ಬೋರ್ಡಿನ ಅಕ್ಷರಗಳು ಕಾರಿನಲ್ಲಿ ಕೂತವನಿಗೆ ಓದಲಾಗದಷ್ಟು ಸಣ್ಣವು ಎಂದು ಉತ್ತರ ಬರೆದ. ಅವರೂ ಬರೆದರು. ಅವನು ಮತ್ತೆ ಬರೆದ. ಇನ್ನೊಬ್ಬರು ತನ್ನ ಕಾಗದಕ್ಕೆ ಇಷ್ಟು ತಪ್ಪದೆ ಉತ್ತರ ಬರೆದದ್ದು ಅವನಿಗೆ ನೆನಪಿರಲಿಲ್ಲ. ಎಂಟು ತಿಂಗಳಲ್ಲಿ ಅದು ಕೌಂಟಿ ಕೋರ್ಟಿನ ಸಣ್ಣ ವ್ಯಾಜ್ಯಗಳ ಪಟ್ಟಿಗೆ ಬಂದು ನಿಂತಿತು.

ಬೇರೆಯವರು ಬರೆದ ದಪ್ಪ ಪುಸ್ತಕಗಳ ಕೊನೆಗೆ ಪದಸೂಚಿ ಮಾಡಿಕೊಡುವುದು ಅವನ ಉದ್ಯೋಗ. ಮನೆಯಲ್ಲೇ ಕೂತು, ಒಬ್ಬನೇ, ಮೂವತ್ತು ವರ್ಷದಿಂದ. ಯಾವ ಮಾತು ಯಾವ ಪುಟದಲ್ಲಿದೆ ಎಂದು ಅವನನ್ನು ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಆ ಮಾತಿನಿಂದ ಮುಂದೆ ಏನಾಯಿತು ಎಂದು ಕೇಳಬಾರದು. ತನ್ನ ಕಡತಕ್ಕೂ ಅವನು ಒಂದು ಪದಸೂಚಿ ಮಾಡಿದ್ದ. 'ಅಕ್ಷರ, ಗಾತ್ರ: 12–19. ಕಂಬ, ಎತ್ತರ: 23. ನೆರಳು, ಬೋರ್ಡಿನ ಮೇಲೆ ಬೀಳುವ: 31.' ಬೆರಿಲ್ ಅದನ್ನು ನೋಡಿ, "ಅಯ್ಯೋ, ಬೈಬಲ್ ಇದ್ದ ಹಾಗಿದೆಯಲ್ಲೋ," ಎಂದಿದ್ದಳು. ಒಳಗಿನ ಪುಟ ತೆರೆಯಲು ಅವನು ಬಿಟ್ಟಿರಲಿಲ್ಲ.

ಏಕೆಂದರೆ ಆ ಶನಿವಾರ, ಆ ಹೊತ್ತಿನಲ್ಲಿ, ಆ ಹೆರನ್ ಪಬ್ಬಿನ ಒಳಗೆ ನಡೆಯುತ್ತಿದ್ದದ್ದು ಬೆರಿಲ್ ಕೆಲಸದಿಂದ ನಿವೃತ್ತಳಾದ ಊಟ.

ಅವನು ಹೋಗಿದ್ದ. ಇಸ್ತ್ರಿ ಮಾಡಿದ ಅಂಗಿ, ಟೈ. ಪಕ್ಕದ ಸೀಟಿನಲ್ಲಿ ಉಡುಗೊರೆಗೆಂದು ತಂದ ಕೆಂಪು ಹೂವಿನ ಗಿಡ, ತಿರುವಿನಲ್ಲಿ ಉರುಳದಿರಲೆಂದು ಅದಕ್ಕೂ ಬೆಲ್ಟು. ಪಬ್ಬಿನ ದೊಡ್ಡ ಕಿಟಕಿಗೆ ಎದುರಾಗಿ, ಹೆರನ್ ಎಂಬ ಹೆಸರಿಗೆ ತಕ್ಕಂತೆ ಒಂಟಿಕಾಲಲ್ಲಿ ನಿಂತ ಬಕಪಕ್ಷಿ ಬರೆದ ಬೋರ್ಡಿನ ಕೆಳಗೆ ನಿಲ್ಲಿಸಿದ. ಒಳಗೆ ಬಣ್ಣದ ಕಾಗದದ ಟೋಪಿ ಹಾಕಿಕೊಂಡ ಮೂವತ್ತು ಜನ. ಅವನು ಇಳಿಯಬೇಕೆನ್ನುವಾಗ ಎಲ್ಲರೂ ಎದ್ದು ಹಾಡುತ್ತಿದ್ದರು. ಹಾಡಿನ ನಡುವೆ ಬಾಗಿಲು ತೆಗೆದರೆ ಎಲ್ಲರೂ ತಿರುಗಿ ನೋಡುತ್ತಾರೆ. ಮುಗಿಯಲಿ ಎಂದುಕೊಂಡ. ಹಾಡು ಮುಗಿದು ತಟ್ಟೆ ಬಂದವು. ತಿನ್ನುವವರನ್ನು ಎಬ್ಬಿಸಿ ಜರುಗಿಸಿ ಕೂರುವುದು ಸರಿಯಲ್ಲ. ತಿಂದಾಗಲಿ. ಆಮೇಲೆ ಭಾಷಣ. ಆಮೇಲೆ ಕೇಕು. ಮೂರೂ ಇಪ್ಪತ್ತಕ್ಕೆ ಜನ ಕೋಟು ಹಾಕಿಕೊಳ್ಳತೊಡಗಿದಾಗ, ಹೊರಡುವವರೆದುರು ಒಳಗೆ ಹೋಗುವುದಕ್ಕಿಂತ ಹೋಗದಿರುವುದೇ ಸಭ್ಯತೆ ಎಂದು ಅವನಿಗೆ ಖಚಿತವಾಗಿ, ಕಾರು ತಿರುಗಿಸಿದ. ಸಂಜೆ ಫೋನು ಮಾಡಿ ಸೀಗಡಿ ತಿಂದು ಹೊಟ್ಟೆ ಕೆಟ್ಟಿತು ಎಂದ. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಬೆರಿಲ್ ಸೂಪಿನ ಪಾತ್ರೆ ಹಿಡಿದು ಬಾಗಿಲಲ್ಲಿದ್ದಳು. ಅವನು ಪೈಜಾಮ ಹಾಕಿಕೊಂಡು, ನರಳುತ್ತ ಎರಡು ಬಟ್ಟಲು ಕುಡಿದ. ಹಸಿವಾಗಿತ್ತು.

ಕೋರ್ಟಿನ ಕಾಗದ ಅವಳಿಗೆ ಸಿಕ್ಕಿದ್ದು ಅವನ ಅಡುಗೆಮನೆಯಲ್ಲಿ, ಆ ಗಿಡಕ್ಕೆ ನೀರು ಹಾಕುವಾಗ. ಅದರಲ್ಲಿ ವಿಚಾರಣೆಯ ದಿನ ಇತ್ತು, ಜಾಗ ಇರಲಿಲ್ಲ. ಎಲ್ಲಿ ನಿಲ್ಲಿಸಿದ್ದೆಯೋ ಎಂದಳು. ಗಿಡ ಮಾರುವ ಅಂಗಡಿಯೆದುರು ಎಂದ. ನಾನೂ ಬರ್ತೀನಿ ಎಂದಳು. ಬೇಡ ಎಂದ. ಹತ್ತೂವರೆಗಲ್ವಾ, ನನ್ನ ಕಾರಲ್ಲೇ ಹೋಗೋಣ ಎಂದಳು.

*

ಮೇಲಿನ ಮಹಡಿಯ ಪಡಸಾಲೆಯಲ್ಲಿ ನೆಲಕ್ಕೆ ಬಿಗಿದ ಕುರ್ಚಿಗಳು. ಒಳಗೆ ಒಂದು ಕೋಣೆ, ಅದರ ಬಾಗಿಲಲ್ಲಿ ಉದ್ದನೆಯ ಗಾಜು.

"ಒಳಗೆ ಕೇಸಿನವರನ್ನು ಮಾತ್ರ ಬಿಡ್ತಾರೆ," ಎಂದ ಲಿಯೊನೆಲ್. "ನೀನು ಇಲ್ಲೇ ಇರು."

"ಯಾರು ಹೇಳಿದ್ದು?"

"ನಿಯಮ."

"ಕೇಳೋಣ ಬಿಡು."

ಅಷ್ಟರಲ್ಲಿ ಚಕ್ರದ ಪೆಟ್ಟಿಗೆ ಎಳೆದುಕೊಂಡು ಒಬ್ಬ ಹುಡುಗಿ ಬಂದಳು. ಇಪ್ಪತ್ತೈದು ಇರಬಹುದು. "ಮಿಸ್ಟರ್ ಪಾಕ್ಸನ್? ನಾನು ಲಾಂಗ್ಡನ್. ಕಂಪನಿ ಪರ. ಅಂದ್ರೆ ಕಂಪನಿಯವಳಲ್ಲ, ಇವತ್ತು ಬೆಳಗ್ಗೆ ಮಟ್ಟಿಗೆ ಅವರ ವಕೀಲಿ. ಅವರನ್ನ ನಾನೂ ನೋಡಿಲ್ಲ." ನಕ್ಕಳು. "ಒಳಗೆ ಹೋಗೋ ಮೊದಲು ಒಂದು ಮಾತು. ಅರ್ಧಕ್ಕೆ ಮುಗಿಸ್ತೀವಿ ಅಂತ ಹೇಳೋಕೆ ನನಗೆ ಅನುಮತಿ ಇದೆ. ಇಲ್ಲೇ ಸಹಿ ಮಾಡಿ, ಮನೆಗೆ ಹೋಗಿ."

ಲಿಯೊನೆಲ್‌ಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು. ಪೂರ್ತಿ ಕೊಡುತ್ತೇನೆ, ಎರಡರಷ್ಟು ಕೊಡುತ್ತೇನೆ ಎನ್ನಬೇಕೆನಿಸಿತು. "ಅದು ಯೋಚಿಸಬಹುದಾದ..." ಎಂದು ಶುರುಮಾಡಿದ.

"ಒಂದು ಕಾಸೂ ಇಲ್ಲ!" ಎಂದಳು ಬೆರಿಲ್.

"ಬೆರಿಲ್..."

"ನೀನು ಸುಮ್ನಿರೋ. ಎಂಬತ್ತನಾಲ್ಕು ಪುಟ ಬರೆದಿದಾನೆ ನಮ್ಮ ತಮ್ಮ. ಅಕ್ಷರ ಎಷ್ಟು ಮಿಲಿಮೀಟರ್ ಇದೆ ಅಂತ ಏಣಿ ಹಾಕಿ ಅಳೆದಿದಾನೆ. ಅರ್ಧ ಅಂತೆ ಅರ್ಧ! ತಪ್ಪು ಮಾಡಿದ್ರೆ ಪೂರ್ತಿ ಕೊಡಬೇಕು, ಮಾಡಿಲ್ಲ ಅಂದ್ರೆ ಯಾಕೆ ಕೊಡಬೇಕು? ಕೂತ್ಕೋ ಬಾ ಕಂದ, ನಿನ್ನ ಮೇಲೆ ಕೋಪ ಇಲ್ಲ. ಸ್ಯಾಂಡ್‌ವಿಚ್ ತಿಂತೀಯಾ? ಮೊಟ್ಟೆದು."

"ಆಮೇಲೆ ತಿಂತೀನಿ," ಎಂದಳು ಮಿಸ್ ಲಾಂಗ್ಡನ್, ನಿಜವಾಗಿಯೂ ಆಸೆಯಿಂದ ನೋಡಿ. "ಹಾಗಾದ್ರೆ ಒಪ್ಪಂದ ಇಲ್ಲ ಅಂತ ಬರ್ಕೊಳ್ಲಾ, ಮಿಸ್ಟರ್ ಪಾಕ್ಸನ್?"

ಲಿಯೊನೆಲ್ ಬಾಯಿ ತೆರೆದ. ಬೆರಿಲ್ ಅವನ ಮೊಣಕೈಗೆ ತೋಳು ಹಾಕಿದಳು. ಅವಳ ಮುಖದಲ್ಲಿ ಎಂಥ ಹೆಮ್ಮೆ ಇತ್ತೆಂದರೆ, ಅದು ಯಾರ ಬಗ್ಗೆ ಎಂದು ತಿರುಗಿ ನೋಡುವಂತಾಯಿತು.

"ಬರ್ಕೊಳ್ಳಿ," ಎಂದ.

ಕಪ್ಪು ಗೌನಿನ ಹೆಂಗಸು ಪಟ್ಟಿ ಹಿಡಿದು ಬಂದಳು. ಹೆಸರು ಕೂಗುವುದು, ಜನರನ್ನು ಒಳಗೆ ಬಿಡುವುದು ಅವಳ ಕೆಲಸ. "ಪಾಕ್ಸನ್ ಯಾರು? ನೀವಾ? ಬನ್ನಿ. ಒಳಗೆ ಹೋಗಿ ಮಹಾಸ್ವಾಮಿ ಗಿಹಾಸ್ವಾಮಿ ಅನ್ಬೇಡಿ, ಜಡ್ಜ್ ಅಂದ್ರೆ ಸಾಕು. ಇವರು?"

"ಅಕ್ಕ," ಎಂದಳು ಬೆರಿಲ್.

"ಹೊರಗೇ ಇರ್ತಾರೆ," ಎಂದ ಲಿಯೊನೆಲ್.

"ಯಾಕೆ? ಯಾರು ಬೇಕಾದ್ರೂ ಕೂತು ಕೇಳಬಹುದಾದ ವಿಚಾರಣೆ. ಜೊತೆಗೊಬ್ಬರಿದ್ರೆ ಧೈರ್ಯ. ಬನ್ನಿ ಅಮ್ಮ, ಬನ್ನಿ. ಏನದು, ಸೂಪಾ?"

*

ಕೋರ್ಟೆಂದರೆ ಎತ್ತರದ ಪೀಠ, ಕಟಕಟೆ ಎಂದು ಬೆರಿಲ್ ಎಣಿಸಿದ್ದಳು. ಸಾಧಾರಣ ಕಚೇರಿಯ ಕೋಣೆ. ಉದ್ದನೆಯ ಮೇಜು, ಆ ತುದಿಯಲ್ಲಿ ಸ್ವೆಟರ್ ಹಾಕಿಕೊಂಡ ಜಡ್ಜ್, ಹೆಂಗಸು. ಹೆಸರು ಆಕ್ರಾಯ್ಡ್ ಎಂದು ಮುಂದಿನ ಫಲಕದಲ್ಲಿತ್ತು. ನೆಗಡಿಯಾಗಿತ್ತು. ಕೆಮ್ಮಿನ ಮಿಠಾಯಿಯೊಂದನ್ನು ಕೆನ್ನೆಯಿಂದ ಕೆನ್ನೆಗೆ ಹೊರಳಿಸುತ್ತ ಕಡತ ತಿರುವಿ ಹಾಕುತ್ತಿದ್ದರು.

"ಮಿಸ್ಟರ್ ಪಾಕ್ಸನ್, ನಿಮ್ಮ ಕಡತ ಓದಿದೆ. ಪಾರ್ಕಿಂಗ್ ಕೇಸಿಗೆ ಪದಸೂಚಿ ನಾನು ಇದೇ ಮೊದಲು ನೋಡಿದ್ದು."

"ಥ್ಯಾಂಕ್ಸ್, ಜಡ್ಜ್."

"ಹೊಗಳಿದ್ನೋ ಇಲ್ವೋ ಗೊತ್ತಿಲ್ಲ. ಶುರು ಮಾಡೋಣ."

ಲಿಯೊನೆಲ್ ಎಂಟು ತಿಂಗಳು ತಯಾರಿ ಮಾಡಿದ್ದು ಒಂದು, ನಿನ್ನೆ ರಾತ್ರಿಯಿಂದ ಮಾಡಿದ್ದು ಇನ್ನೊಂದು. ಜಾಗದ ಹೆಸರು ಹೇಳಬಾರದು, ದಿನ ಹೇಳಬಾರದು. 'ಸಂಬಂಧಪಟ್ಟ ಸ್ಥಳ' ಎಂದ. 'ಹೇಳಲಾದ ದಿನಾಂಕ' ಎಂದ. 'ಸದರಿ ಕಂಬ' ಎಂದ. ಹತ್ತು ನಿಮಿಷ ಮಾತಾಡಿದ. ಬೆರಿಲ್ ಬಾಯಿ ತೆರೆದುಕೊಂಡು ಕೇಳಿದಳು. ತಮ್ಮ ಇಷ್ಟು ಹೊತ್ತು ಒಂದೇ ಸಮ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

"ಆಯ್ತು," ಎಂದರು ಜಡ್ಜ್. "ಅಕ್ಷರ ಸಣ್ಣದು. ಒಪ್ಪಿದೆ ಅಂತಲೇ ಇಟ್ಕೊಳ್ಳಿ. ಆದ್ರೆ ನೀವು ಅಲ್ಲಿ ಎರಡು ಗಂಟೆ ಮೂವತ್ತೊಂಬತ್ತು ನಿಮಿಷ ಇದ್ರಿ. ಅಷ್ಟು ಹೊತ್ತಲ್ಲಿ ಎಂಥ ಅಕ್ಷರಾನೂ ಓದಬಹುದು. ನನಗೆ ಬೇಕಾಗಿರೋದು ಬೇರೆ. ಎಂಬತ್ತನಾಲ್ಕು ಪುಟದಲ್ಲಿ ಬೋರ್ಡು ಎಲ್ಲಿತ್ತು ಅಂತಿದೆ, ಕಂಬ ಎಲ್ಲಿತ್ತು ಅಂತಿದೆ, ನೆರಳು ಎಲ್ಲಿತ್ತು ಅಂತಿದೆ. ನೀವು ಎಲ್ಲಿದ್ರಿ ಅಂತ ಒಂದು ಕಡೆಯೂ ಇಲ್ಲ."

"ಅದು ವಿವಾದಕ್ಕೆ ಸಂಬಂಧಿಸಿದ್ದಲ್ಲ, ಜಡ್ಜ್."

"ಅದೇ ಸಂಬಂಧಿಸಿದ್ದು. ಬೋರ್ಡಿನಲ್ಲಿರೋದು 'ಗಿರಾಕಿಗಳಿಗೆ ಮಾತ್ರ' ಅಂತ." ಜಡ್ಜ್ ಕನ್ನಡಕ ಸರಿಮಾಡಿಕೊಂಡು, ಲಿಯೊನೆಲ್ ಎಂಟು ತಿಂಗಳಿಂದ ಬಚ್ಚಿಟ್ಟು ಕಾದಿದ್ದ ವಾಕ್ಯವನ್ನು ಗಟ್ಟಿಯಾಗಿ ಓದಿದರು. "ಶನಿವಾರ, ಹನ್ನೊಂದನೇ ಅಕ್ಟೋಬರ್, ಹೆರನ್ ಪಬ್. ನೀವು ಪಬ್ಬಿನ ಗಿರಾಕಿಯೋ ಅಲ್ವೋ? ಒಳಗೆ ಹೋಗಿ ಊಟ ಮಾಡಿ, ನಂಬರ್ ಒತ್ತೋದು ಮರೆತಿದ್ರೆ, ಅಂಥ ಮರೆವಿಗೆ ನೂರು ಪೌಂಡ್ ಹಾಕೋಕೆ ನನಗೆ ಮನಸ್ಸು ಬರಲ್ಲ. ಮಿಸ್ ಲಾಂಗ್ಡನ್‌ಗೂ ಅದು ಗೊತ್ತು."

"ಗೊತ್ತು, ಜಡ್ಜ್," ಎಂದು ಮಿಸ್ ಲಾಂಗ್ಡನ್ ನಿಟ್ಟುಸಿರು ಬಿಟ್ಟಳು.

ಲಿಯೊನೆಲ್ ಪಕ್ಕಕ್ಕೆ ನೋಡಲಿಲ್ಲ. ನೋಡದೆಯೇ ಗೊತ್ತಾಯಿತು. ಸ್ಯಾಂಡ್‌ವಿಚ್ಚಿನ ಕಾಗದದ ಸರಬರ ನಿಂತಿತ್ತು.

"ಹೇಳಿ ಮಿಸ್ಟರ್ ಪಾಕ್ಸನ್. ಒಳಗಿದ್ರಾ?"

"ಇದ್ದ," ಎಂದಳು ಬೆರಿಲ್.

ಎಲ್ಲರೂ ಅವಳತ್ತ ತಿರುಗಿದರು. ಲಿಯೊನೆಲ್ ಕೂಡ.

"ನನ್ನ ನಿವೃತ್ತಿ ಊಟ ಅವತ್ತು. ನನ್ನ ಪಕ್ಕದಲ್ಲೇ ಕೂತಿದ್ದ." ಮೊದಲ ವಾಕ್ಯಕ್ಕೆ ಅವಳ ದನಿ ಒಡೆದಿತ್ತು. ಆಮೇಲೆ ಸರಾಗವಾಯಿತು. "ಹಂದಿಮಾಂಸ ತಗೊಂಡ, ಮೇಲೊಂದು ಅನಾನಸ್ ಬಿಲ್ಲೆ. ಬಟಾಣಿ ಎಲ್ಲಾ ತಟ್ಟೆ ಅಂಚಿಗೆ ಸರಿಸಿದ್ದ. ಚಿಕ್ಕಂದಿನಿಂದಲೂ ಹಾಗೇ, ಬಟಾಣಿ ಕಂಡ್ರೆ ಆಗಲ್ಲ. ನೀಲಿ ಟೋಪಿ ಹಾಕ್ಕೊಂಡಿದ್ದ. ಎದ್ದು ನಿಂತು ಎರಡು ಮಾತೂ ಆಡಿದ."

"ಹೌದಾ?" ಎಂದರು ಜಡ್ಜ್, ಲಿಯೊನೆಲ್‌ನನ್ನು ನೋಡುತ್ತ. "ಏನಂದ್ರು?"

ಬೆರಿಲ್ ಮಾತಿಗಾಗಿ ತಡಕಾಡಿದಳು. ಏನೂ ಸಿಗಲಿಲ್ಲವೆಂದು ಕಾಣುತ್ತದೆ. ಕೊನೆಗೆ, "ನಮ್ಮಕ್ಕ ಅಡುಗೆ ಚೆನ್ನಾಗಿ ಮಾಡ್ತಾಳೆ ಅಂದ," ಎಂದಳು.

ಲಿಯೊನೆಲ್‌ನ ನಾಲಿಗೆಯ ಮೇಲೆ ಅನಾನಸ್ಸಿನ ರುಚಿ ಬಂದಂತಾಯಿತು. ನೀಲಿ ಟೋಪಿ ಹಾಕಿಕೊಂಡು, ಎದ್ದು ನಿಂತು, ಮೂವತ್ತು ಜನರೆದುರು ಅಂಥ ಮಾತಾಡಬಲ್ಲ ಆ ಮನುಷ್ಯ ಅವನಿಗೆ ಹಿಡಿಸಿದ. ಪರಿಚಯವಾಗಿದ್ದರೆ ಚೆನ್ನಾಗಿತ್ತು ಎನಿಸಿತು.

"ಇದಕ್ಕೆ ಏನಾದ್ರೂ ಆಧಾರ?" ಎಂದಳು ಮಿಸ್ ಲಾಂಗ್ಡನ್. ಕೆಲಸವಾದ್ದರಿಂದ ಕೇಳಿದಳು, ಅಷ್ಟೆ.

"ಫೋಟೋ ಇದೆ!" ಎಂದಳು ಬೆರಿಲ್. ಚೀಲದಿಂದ ಫೋನು ತೆಗೆದಳು. ತೆಗೆದಾದ ಮೇಲೆ ಅವಳಿಗೆ ಫೋಟೋದಲ್ಲಿ ಏನಿದೆ ಎಂದು ನೆನಪಾಗಿರಬೇಕು. ಕೊಡಲೋ ಬೇಡವೋ ಎಂದು ಹಿಡಿದುಕೊಂಡೇ ನಿಂತಳು. ಜಡ್ಜ್ ಕೈ ಚಾಚಿದ್ದರು.

"ಈ ಕುರ್ಚಿ ಖಾಲಿ ಇದೆಯಲ್ಲ? ನಿಮ್ಮ ಪಕ್ಕದ್ದು. ಮೇಲೆ ಟೋಪಿ ಮಾತ್ರ ಇದೆ."

"ಆಗ ಬಾತ್‌ರೂಮಿಗೆ ಹೋಗಿದ್ದ."

"ಇನ್ನೊಂದು ಫೋಟೋ? ಇದರಲ್ಲೂ ಖಾಲಿ."

"ಹೊಟ್ಟೆ ಸರಿ ಇರಲಿಲ್ಲ ಅವನಿಗೆ."

ಮಿಸ್ ಲಾಂಗ್ಡನ್ ಕೆಮ್ಮಿದಳು. ನಗು ಅದು. ಜಡ್ಜ್ ಎರಡು ಬೆರಳಿನಿಂದ ಫೋಟೋವನ್ನು ಹಿಗ್ಗಿಸಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಹಿಂದೆ ಕಿಟಕಿ. ಕಿಟಕಿಯಾಚೆ ಒಂದು ನೀಲಿ ಕಾರು. ನಂಬರ್... ಮಿಸ್ ಲಾಂಗ್ಡನ್, ಇದು ನಿಮ್ಮ ಕಾಗದದಲ್ಲಿರೋ ನಂಬರೇ ಅಲ್ವಾ? ಒಳಗೆ ಯಾರೋ ಕೂತಿದಾರೆ. ಇಬ್ಬರು."

"ಇಬ್ಬರಲ್ಲ," ಎಂದ ಲಿಯೊನೆಲ್. "ಒಂದು ಗಿಡ."

ಆ ದಿನ ಅವನು ಕೋರ್ಟಿನಲ್ಲಿ ಹೇಳಿದ ಮೊದಲ ನಿಜ ಅದು. ಫೋನು ಮೇಜಿನ ಮೇಲೆ ಕೈಯಿಂದ ಕೈಗೆ ದಾಟಿ ಬಂತು. ಕಂಪನಿಯ ಎರಡು ಫೋಟೋಗಳನ್ನು ಅವನು ನೂರು ಸಲ ನೋಡಿದ್ದ. ಬರುವಾಗಿನದರಲ್ಲಿ ಕಾರಿನ ಗಾಜಿನ ಮೇಲೆ ಆಕಾಶ ಬಿದ್ದು ಚಾಲಕನ ಜಾಗದಲ್ಲಿ ಬರೀ ಬಿಳುಪು, ಹೋಗುವಾಗಿನದರಲ್ಲಿ ಡಿಕ್ಕಿ. ಅಕ್ಕನ ಫೋಟೋದಲ್ಲಿ, ಕಾಗದದ ಟೋಪಿಗಳ ಹಿಂದೆ, ಅವನು ಚೆನ್ನಾಗಿ ಬಂದಿದ್ದ. ಟೈ ನೆಟ್ಟಗಿತ್ತು. ಗಿಡ ಅವನ ಭುಜದ ಎತ್ತರಕ್ಕಿತ್ತು.

"ನಿನ್ನ ಅಡುಗೆಮನೆ ಕಿಟಕೀಲಿರೋದು," ಎಂದಳು ಬೆರಿಲ್ ಮೆಲ್ಲಗೆ.

"ನಿನಗೇ ತಂದಿದ್ದು."

"ನಾನು ಅದಕ್ಕೆ ನೀರು ಹಾಕ್ತಿದೀನಿ. ಎಂಟು ತಿಂಗಳಿಂದ."

ಜಡ್ಜ್ ಗಂಟಲು ಸರಿಮಾಡಿಕೊಂಡರು. "ನೋಡೀಮ್ಮ, ನೀವು ಪ್ರಮಾಣ ಮಾಡಿ ಹೇಳಿದ್ದಲ್ಲ. ಹಾಗಾಗಿ ಅನಾನಸ್ ವಿಷಯ ನಾನು ಕೇಳಿಸ್ಕೊಂಡಿಲ್ಲ." ಹೊಸ ಮಿಠಾಯಿ ಬಿಚ್ಚಿದರು. "ಆದ್ರೂ ಕೇಸು ಮುಗೀಲಿಲ್ಲ. ಊಟ ಮಾಡಿದವರೇ ಗಿರಾಕಿ ಅಂತ ಬೋರ್ಡಿನಲ್ಲಿ ಇಲ್ಲ. ಊಟಕ್ಕೆ ಅಂತ ಬಂದವನೂ ಗಿರಾಕಿ. ಬಾಗಿಲಲ್ಲಿ ತಲೆ ಸುತ್ತಿ ಬಿದ್ದವನನ್ನ ಗಿರಾಕಿ ಅಲ್ಲ ಅನ್ನೋಕಾಗಲ್ಲ."

"ಎರಡು ಗಂಟೆ ಮೂವತ್ತೊಂಬತ್ತು ನಿಮಿಷ, ಜಡ್ಜ್," ಎಂದಳು ಮಿಸ್ ಲಾಂಗ್ಡನ್.

"ನಿಧಾನವಾಗಿ ಬಿದ್ದ ಅನ್ನಿ. ಮಿಸ್ಟರ್ ಪಾಕ್ಸನ್, ಒಂದೇ ಪ್ರಶ್ನೆ. ಅಷ್ಟು ಹೊತ್ತೂ ಒಳಗೆ ಹೋಗ್ಬೇಕು ಅಂತ ಇತ್ತಾ ನಿಮಗೆ? ಇತ್ತು ಅಂದ್ರೆ ಒಂದು ತೀರ್ಪು. ಇಲ್ಲ ಅಂದ್ರೆ ಇನ್ನೊಂದು."

ಲಿಯೊನೆಲ್ ಕಡತದ ಕೊನೆಯ ಪುಟಗಳನ್ನು ತಿರುವಿದ. 'ಉದ್ದೇಶ' ಇರಲಿಲ್ಲ. 'ಒಳಗೆ' ಇರಲಿಲ್ಲ. 'ಊಟ' ಇರಲಿಲ್ಲ. 'ಕಂಬ' ಇತ್ತು.

"ಯೋಚನೆ ಮಾಡಿ," ಎಂದರು ಜಡ್ಜ್. "ಹತ್ತು ನಿಮಿಷ ಬಿಟ್ಟು ಕರೀತೀನಿ. ನೀವು ಹೇಳಿಕೆ ಕೆಳಗೆ 'ಇದು ಸತ್ಯ' ಅಂತ ಸಹಿ ಮಾಡಿದೀರಿ, ನೆನಪಿರಲಿ."

*

ಪಡಸಾಲೆಯ ಕಿಟಕಿಯ ಹತ್ತಿರ ಬೆರಿಲ್ ಬೆನ್ನು ಹಾಕಿ ನಿಂತಳು. ಲಿಯೊನೆಲ್ ಒಂದು ಕುರ್ಚಿ ಬಿಟ್ಟು ಇನ್ನೊಂದರ ಹತ್ತಿರ ನಿಂತ. ಕೂರಬಹುದೇ ಎಂದು ಗೊತ್ತಾಗಲಿಲ್ಲ.

"ಸೂಪು ಕುಡಿದೆಯಲ್ಲೋ," ಎಂದಳು.

ಅವನು ಕಡತವನ್ನು ಇನ್ನೊಂದು ಕೈಗೆ ಬದಲಿಸಿದ.

"ಹಿಂದಿನ ದಿನ ಮೂವತ್ತು ಜನರ ಗಲಾಟೆ. ಕಾಲು ಊದಿತ್ತು ನನಗೆ. ಬೆಳಗ್ಗೆ ಐದಕ್ಕೆ ಎದ್ದು ಆಲೂಗಡ್ಡೆ ಸುಲಿದೆ. ಪಾಪ ಒಬ್ಬನೇ ಮಲಗಿದಾನೆ ಅಂತ. ನೀನು ಎರಡು ಬಟ್ಟಲು ಕುಡಿದೆ."

"ಚೆನ್ನಾಗಿತ್ತು."

"ಮುಚ್ಚು ಬಾಯಿ."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು ಹೋಯಿತು.

"ಆ ಕುರ್ಚೀಲಿ ಯಾರನ್ನೂ ಕೂರಿಸಲಿಲ್ಲ ನಾನು. ರಾಯ್ ಅವರಮ್ಮ ಬಂದು ಕೂರ್ತೀನಿ ಅಂದ್ರು, ಆ ವಯಸ್ಸಿನವರನ್ನ ಎಬ್ಬಿಸಿ ಆ ಕಡೆ ಕಳಿಸಿದೆ. ಇವತ್ತಿಗೂ ಅವರು ನನ್ನ ಜೊತೆ ಸರಿಯಾಗಿ ಮಾತಾಡಲ್ಲ. ಯಾಕೋ ಬರಲಿಲ್ಲ?"

"ನೀವು ಹಾಡ್ತಿದ್ರಿ."

"ಆಮೇಲೆ?"

"ತಿಂತಿದ್ರಿ."

"ಆಮೇಲೆ?"

"ಭಾಷಣ."

"ಅದು ರಾಯ್ ಭಾಷಣ! ಅದರ ನಡುವೆ ಯಾರು ಬಂದ್ರೂ ಪುಣ್ಯ ಬರ್ತಿತ್ತು. ಆಮೇಲೆ?"

"ಕೇಕ್ ಕತ್ತರಿಸ್ತಿದ್ರಿ."

ಬೆರಿಲ್ ತಿರುಗಿದಳು. ಅವಳ ಬಾಯಿಯ ತುದಿ ನಡುಗಿತು. ನಗುತ್ತಾಳೋ ಅಳುತ್ತಾಳೋ ಎಂದು ಅವನು ಕಾದ. ಎರಡೂ ಆಗಲಿಲ್ಲ. "ಅಷ್ಟೇನಾ?"

"ಅಷ್ಟೇ."

"ನನ್ನ ಮೇಲೆ ಏನೂ ಇಲ್ಲ?"

"ನಿನ್ನ ಮೇಲೇನಿರುತ್ತೆ?"

"ಜಗಳ ಗಿಗಳ ಇದ್ದಿದ್ರೆ ಚೆನ್ನಾಗಿತ್ತು ಕಣೋ," ಎಂದಳು. "ಬಗೆಹರಿಸ್ಕೋಬಹುದಿತ್ತು." ಚೀಲ ಹೆಗಲಿಗೇರಿಸಿಕೊಂಡಳು. "ಸರಿ. ಒಳಗೆ ಹೋಗಿ ಇತ್ತು ಅನ್ನು. ಬರಬೇಕು ಅಂತ ಇತ್ತು ಅನ್ನು. ಮುಗೀತು. ಕಂಪನಿಗೂ ಮುಗೀತು, ನನಗೂ ಮುಗೀತು."

ಲಿಯೊನೆಲ್ ಕಡತದ ಅಂಚು ಸರಿಮಾಡಿದ.

"ಇತ್ತು ತಾನೇ?"

"ಸಹಿ ಮಾಡಿದೀನಿ. ಸತ್ಯ ಅಂತ."

"ಅದಕ್ಕೇ ಕೇಳ್ತಿರೋದು. ಇತ್ತೋ, ಇಲ್ವೋ?"

ಅವನು ನಿಜವಾಗಿಯೂ ಹುಡುಕಿದ. ಆ ಶನಿವಾರವನ್ನು ಪುಟಪುಟವಾಗಿ ತಿರುವಿದ. ಬಾಗಿಲ ಹಿಡಿಯ ಮೇಲಿದ್ದ ತನ್ನ ಕೈ ಸಿಕ್ಕಿತು. ಗಿಡದ ಬೆಲ್ಟು ಬಿಚ್ಚಿ ಮತ್ತೆ ಹಾಕಿದ್ದು ಸಿಕ್ಕಿತು, ಮೂರು ಕಡೆ. ಕಿಟಕಿಯೊಳಗೆ ಅಕ್ಕ ತಲೆ ಹಿಂದಕ್ಕೆ ಚೆಲ್ಲಿ ನಕ್ಕಿದ್ದು ಸಿಕ್ಕಿತು. ಅದನ್ನು ನೋಡಿ ತನಗೆ ಸುಖವಾಗಿತ್ತು ಎಂಬುದೂ ಸಿಕ್ಕಿತು. ಆ ಗಾಜು ನಡುವೆ ಇದ್ದದ್ದರಿಂದ ಸುಖವೋ, ಇದ್ದರೂ ಸುಖವೋ, ಅದು ಮಾತ್ರ ಸಿಗಲಿಲ್ಲ.

"ನೋಡಬೇಕು," ಎಂದ.

ಬೆರಿಲ್ ಅವನನ್ನು ಬಹಳ ಹೊತ್ತು ನೋಡಿದಳು. ಊಟದ ತಟ್ಟೆ ಮುಟ್ಟದೆ ಕೂತ ಮಗುವನ್ನು ಮೂವತ್ತೊಂದು ವರ್ಷ ನೋಡಿದ ರೀತಿಯಲ್ಲಿ.

"ಕಾಲು ನೋಯುತ್ತೆ. ನಾನು ಒಳಗೆ ಕೂತಿರ್ತೀನಿ. ಬಾ," ಎಂದು ಬಾಗಿಲು ತಳ್ಳಿಕೊಂಡು ಹೋದಳು.

ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಲಿಯೊನೆಲ್ ಅದರ ಹತ್ತಿರ ಬಂದ. ಹಿತ್ತಾಳೆಯ ಹಿಡಿಯ ಮೇಲೆ ಕೈ ಇಟ್ಟ. ಉದ್ದನೆಯ ಗಾಜಿನಲ್ಲಿ ಒಳಗಿನದೆಲ್ಲ ಕಾಣುತ್ತಿತ್ತು. ಮಿಸ್ ಲಾಂಗ್ಡನ್ ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಅವಳ ಮುಂದೆ ಫ್ಲಾಸ್ಕಿನ ಮುಚ್ಚಳ, ಅದರಿಂದ ಹಬೆ. ಬೆರಿಲ್ ಕೂತಿದ್ದಳು. ಪಕ್ಕದ ಕುರ್ಚಿಯ ಮೇಲೆ ಯಾರೂ ಕೂರದಂತೆ ತನ್ನ ಚೀಲ ಇಟ್ಟಿದ್ದಳು. ಅವಳು ಏನೋ ಅಂದಳು, ಜಡ್ಜ್ ಬಾಯಿಗೆ ಕರವಸ್ತ್ರ ಹಿಡಿದು ಕೆಮ್ಮುತ್ತ ನಕ್ಕರು.

ನಗು ನಿಲ್ಲಲಿ, ಎಂದುಕೊಂಡ.

ನಗು ನಿಂತಿತು. ಅಷ್ಟರಲ್ಲಿ ಬೆರಿಲ್ ಎರಡೂ ಕೈ ಮೇಲೆತ್ತಿ ಇನ್ನೇನೋ ಹೇಳಲು ಶುರುಮಾಡಿದ್ದಳು. ಉದ್ದದ ಕಥೆಯೇ ಇರಬೇಕು. ಮಿಸ್ ಲಾಂಗ್ಡನ್ ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ನಡುವೆ ಹೋಗುವುದು ಚೆನ್ನಾಗಿರುವುದಿಲ್ಲ.

ಪಡಸಾಲೆಯ ಆ ತುದಿಯಲ್ಲಿ ಕಪ್ಪು ಗೌನಿನ ಹೆಂಗಸು ಮೆಟ್ಟಿಲ ಕಡೆ ಮುಖ ಮಾಡಿ ಕೂಗಿದಳು. "ಪಾಕ್ಸನ್! ಲಿಯೊನೆಲ್ ಪಾಕ್ಸನ್ ಇದಾರಾ?"

ಅವನು ಹಿಡಿಯ ಮೇಲಿಲ್ಲದ ಕೈಯನ್ನು ತುಸು ಎತ್ತಿದ. ಅವಳು ಇತ್ತ ನೋಡಲಿಲ್ಲ. ಮೆಟ್ಟಿಲಿಳಿದು ಕೆಳಗಿನ ಮಹಡಿಯಲ್ಲಿ ಕೂಗತೊಡಗಿದಳು.

ಬಲಗಾಲು ಜೋಮು ಹಿಡಿದಿತ್ತು. ಲಿಯೊನೆಲ್ ಮೈಭಾರವನ್ನೆಲ್ಲ ಎಡಗಾಲಿಗೆ ಹಾಕಿ, ಬಲಗಾಲನ್ನು ನೆಲದಿಂದ ಒಂದಿಷ್ಟು ಎತ್ತಿ, ಅಲ್ಲಾಡದೆ ನಿಂತ.